ದೆವ್ವದ ಮನೆಮಾತು

ಪ್ರಣಯದ ಕಥೆಯನ್ನೂ ದೆವ್ವದ ಕಥೆಯನ್ನೂ ನಮ್ಮ ವಿಮರ್ಶೆ ಬೇರೆ ಬೇರೆ ಕಪಾಟುಗಳಲ್ಲಿ ಇರಿಸಿದೆ. ಎರಡನ್ನೂ ಸಮಾನವಾಗಿ ಕೀಳೆಂದು ಎಣಿಸಿದೆ ಎಂಬುದು ಬೇರೆ ಮಾತು. ಆದರೆ ಈ ಬಗೆಯ ಕಥನಗಳನ್ನು ಚಟದಂತೆ ಓದುವವರಿಗೆ, ನೋಡುವವರಿಗೆ ಒಂದು ಸಂಗತಿ ಬಹು ಬೇಗ ಹೊಳೆಯುತ್ತದೆ: ದಕ್ಷಿಣದ ನಾಲ್ಕು ಭಾಷೆಗಳ ಜನಪ್ರಿಯ ಕಥನದಲ್ಲಿ ದೆವ್ವವೆಂದರೆ ಹೆಚ್ಚುಪಾಲು ಪ್ರೇಮದಲ್ಲಿ ಸೋತವಳು. ಅವಳ ಕಥೆಯ ಮೊದಲರ್ಧ ಪ್ರಣಯ, ಉಳಿದರ್ಧ ಭೀತಿ. ಇದರ ಜೊತೆಗೆ ಎರಡು ಭಾಷೆಗಳ ನಡುವೆ ಬದುಕುವ ಓದುಗರನ್ನು ವಿಶೇಷವಾಗಿ ಕೆಣಕಬೇಕಾದ ಇನ್ನೊಂದು ಸಂಗತಿಯಿದೆ. ಅವಳು ಬಾಯಿಬಿಟ್ಟಾಗ ಬರುವ ಮಾತು ಪಕ್ಕದ ರಾಜ್ಯದ್ದು.

ಎಲ್ಲರೂ ಬಲ್ಲ ಉದಾಹರಣೆಯಿಂದಲೇ ತೊಡಗಬಹುದು. ಮಧು ಮುಟ್ಟಂ ಬರೆದು ಫಾಸಿಲ್ ನಿರ್ದೇಶಿಸಿದ 1993ರ ಮಲಯಾಳಂ ಚಿತ್ರ ‘ಮಣಿಚಿತ್ರತ್ತಾಳ್’ನಲ್ಲಿ ಗಂಗೆ ಎಂಬ ಮಲಯಾಳಿ ಗೃಹಿಣಿಯ ಒಳಹೊಕ್ಕ ನಾಗವಲ್ಲಿ ತಂಜಾವೂರಿನ ನರ್ತಕಿ, ಅವಳ ಮಾತು ತಮಿಳು. 2004ರಲ್ಲಿ ಪಿ. ವಾಸು ಅದನ್ನು ‘ಆಪ್ತಮಿತ್ರ’ವಾಗಿ ಕನ್ನಡಕ್ಕೆ ತಂದಾಗ ನಾಗವಲ್ಲಿ ತೆಲುಗಿನವಳಾದಳು. ಮರುವರ್ಷ ಅದೇ ನಿರ್ದೇಶಕರು ಕಥೆಯನ್ನು ‘ಚಂದ್ರಮುಖಿ’ಯಾಗಿ ತಮಿಳಿಗೆ ಒಯ್ದರು, ತಮಿಳರಿಗೆ ತಮಿಳು ದೆವ್ವ ಸಾಲದಾಗಿ ಅಲ್ಲಿಯೂ ಅವಳು ತೆಲುಗನ್ನೇ ಆಡಿದಳು. 2007ರ ಹಿಂದಿ ‘ಭೂಲ್ ಭುಲೈಯಾ’ದಲ್ಲಿ ಅವಳು ಬಂಗಾಳಿ ಮಂಜುಲಿಕಾ. ಮನೆ, ಬೀಗ, ನೃತ್ಯ, ಮನೋವೈದ್ಯ ಎಲ್ಲವೂ ಹೆಚ್ಚುಕಡಿಮೆ ಇದ್ದಂತೆಯೇ ಇದ್ದು ಪ್ರತಿ ಸಲವೂ ಬದಲಾದದ್ದು ದೆವ್ವದ ಮನೆಮಾತು. ರೀಮೇಕುಗಳ ಕುರಿತು ಬರೆದವರು ನಟಿಯರನ್ನು ಹೋಲಿಸಿದ್ದಾರೆ, ಈ ಬದಲಾವಣೆಯನ್ನು ಮಾತ್ರ ಮಾರುಕಟ್ಟೆಯ ಜಾಣತನವೆಂದು ದಾಟಿಹೋಗುತ್ತಾರೆ. ಅದು ಅಷ್ಟೇ ಅಲ್ಲ.

ಕೇರಳದ ಪ್ರೇಕ್ಷಕನಿಗೆ ನಾಗವಲ್ಲಿಯ ತಮಿಳು ಅರ್ಥವಾಗುತ್ತದೆ, ಬೆಂಗಳೂರಿನ ಪ್ರೇಕ್ಷಕನಿಗೆ ತೆಲುಗು ಅರ್ಥವಾಗುತ್ತದೆ. ಅರ್ಥವಾಗದ ಭಾಷೆಯಲ್ಲಿ ಕೂಗುವ ದೆವ್ವ ಬರಿಯ ಸದ್ದು. ಅರ್ಥವಾಗಿಯೂ ನಮ್ಮದಲ್ಲದ ಭಾಷೆಯಲ್ಲಿ ಕೂಗುವ ದೆವ್ವ ಹೆದರಿಸುತ್ತದೆ. ಗೃಹಸ್ಥಳಾದ ಹೆಣ್ಣು ತನ್ನ ಮನೆಮಾತಿನಲ್ಲಿ ಆಡಲಾಗದ ಆಸೆಯನ್ನೂ ಸೇಡನ್ನೂ ನೆರೆಯ ಭಾಷೆಯಲ್ಲಿ ಆಡುತ್ತಾಳೆ. ಹಾಗೆ ಆಡಿದಾಗ ಆ ಮಾತಿನ ಹೊಣೆ ಅವಳದಲ್ಲ, ಮನೆಯವರದೂ ಅಲ್ಲ. ಚಿತ್ರದ ಕೊನೆಯಲ್ಲಿ ಕಾಯಿಲೆ ವಾಸಿಯಾಗುವುದೆಂದರೆ ಅವಳು ಮತ್ತೆ ಏಕಭಾಷಿಕಳಾಗುವುದು.

ಕನ್ನಡ ಮತ್ತು ತಮಿಳಿನ ನಾಗವಲ್ಲಿಯರಿಗೆ ತೆಲುಗೇ ಏಕೆ ಒದಗಿತು ಎಂಬ ಪ್ರಶ್ನೆಗೆ ಸಿನಿಮಾದ ಹೊರಗೆ ಉತ್ತರ ಹುಡುಕಬೇಕು. ದಕ್ಷಿಣದ ನೃತ್ಯವೇದಿಕೆಯಲ್ಲಿ ಶೃಂಗಾರದ ಭಾಷೆ ಬಹುಕಾಲದಿಂದ ತೆಲುಗು. ಕ್ಷೇತ್ರಯ್ಯನ ಪದಗಳೂ ಅನಂತರದ ಜಾವಳಿಗಳೂ ತಮಿಳು ನಾಡಿನಲ್ಲಿ, ಮೈಸೂರಿನಲ್ಲಿ, ತೆಲುಗನ್ನು ಮನೆಯಲ್ಲಿ ಆಡದ ಕಲಾವಿದೆಯರ ಕಂಠದಲ್ಲೇ ಉಳಿದುಬಂದವು. ಪದವನ್ನು ಅಭಿನಯಿಸುವವಳು ಇನ್ನೊಬ್ಬಳ ಭಾಷೆಯಲ್ಲಿ ‘ನಾನು’ ಎಂದು ಹೇಳಿ, ಅಷ್ಟು ಹೊತ್ತು ಆ ನಾಯಿಕೆಯೇ ಆಗುತ್ತಾಳೆ. ಮೈಮೇಲೆ ಬರುವುದು ಎಂದರೂ ಇದೇ ಅಲ್ಲವೆ?

ತಂಜಾವೂರಿನ ಮರಾಠಾ ಆಸ್ಥಾನದಲ್ಲಿ, 18ನೆಯ ಶತಮಾನದಲ್ಲಿ, ಮುದ್ದುಪಳನಿ ಎಂಬ ಗಣಿಕೆ ತೆಲುಗಿನಲ್ಲಿ ‘ರಾಧಿಕಾ ಸಾಂತ್ವನಂ’ ಬರೆದಳು. ಅದನ್ನು 1910ರಲ್ಲಿ ಸಂಪಾದಿಸಿ ಪ್ರಕಟಿಸಿದವರು ಬೆಂಗಳೂರು ನಾಗರತ್ನಮ್ಮ, ನಂಜನಗೂಡಿನಲ್ಲಿ ಹುಟ್ಟಿದ ಕನ್ನಡತಿ. ಹೆಣ್ಣೊಬ್ಬಳು ಶೃಂಗಾರವನ್ನು ಇಷ್ಟು ಬಿಚ್ಚಿ ಬರೆಯಬಾರದೆಂದು ಸರ್ಕಾರ 1911ರಲ್ಲಿ ಪುಸ್ತಕವನ್ನು ನಿಷೇಧಿಸಿತು. ಸ್ವಾತಂತ್ರ್ಯದ ಹೊಸ್ತಿಲವರೆಗೂ ಆ ಬೀಗ ತೆರೆಯಲಿಲ್ಲ. ತಂಜಾವೂರಿನ ನರ್ತಕಿಯೊಬ್ಬಳ ಪ್ರೇಮವನ್ನು ಕೋಣೆಯಲ್ಲಿ ಕೂಡಿಹಾಕಿದ ಚರಿತ್ರೆ ನಮ್ಮಲ್ಲಿ ನಿಜವಾಗಿಯೂ ಇದೆ. ಆ ನರ್ತಕಿ ಬರೆದದ್ದು ತೆಲುಗಿನಲ್ಲಿ, ಬಾಗಿಲು ತಟ್ಟಿದವಳ ಊರು ಮೈಸೂರು ಸೀಮೆಯದು. ಮಲಯಾಳಂನ ತಮಿಳು ನಾಗವಲ್ಲಿ ಕನ್ನಡದಲ್ಲಿ ತೆಲುಗಿನವಳಾದಾಗ, ಚಿತ್ರತಂಡಕ್ಕೆ ಅರಿವಿತ್ತೋ ಇಲ್ಲವೋ, ಕಥೆ ಚರಿತ್ರೆಗೆ ಇನ್ನಷ್ಟು ಹತ್ತಿರವಾಯಿತು. ಈ ಒಂದು ಕಾರಣಕ್ಕೆ ‘ಆಪ್ತಮಿತ್ರ’ವನ್ನು ಬರಿಯ ನಕಲೆಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ, ಅದರ ಹಾಸ್ಯದ ಭಾಗಗಳನ್ನು ಸಮರ್ಥಿಸಲೂ ಮನಸ್ಸಿಲ್ಲ.

ಇಷ್ಟಾದ ಮೇಲೆ ಪ್ರೇಕ್ಷಕನನ್ನು ರಾಯದುರ್ಗದಲ್ಲಿಯೋ ಮಡಕಶಿರದಲ್ಲಿಯೋ ಕೂರಿಸಿ ನೋಡಬೇಕು. ಅಲ್ಲಿನ ಕನ್ನಡ ಮನೆಯವರಿಗೆ ತೆಲುಗು ಸಂತೆಯ, ಕಚೇರಿಯ, ಶಾಲೆಯ ಮಾತು. ಹೊಸೂರಿನಲ್ಲಿ ಒಂದೇ ಬೀದಿಯಲ್ಲಿ ತಮಿಳು, ತೆಲುಗು, ಕನ್ನಡ ಮೂರೂ ಇರುತ್ತವೆ. ಹಗಲೆಲ್ಲ ಕಿವಿಗೆ ಬೀಳುವ ಭಾಷೆಯಲ್ಲಿ ರಾತ್ರಿ ದೆವ್ವ ಕೂಗಿದರೆ ಅದರಲ್ಲಿ ಅಪರಿಚಿತತೆ ಎಲ್ಲಿಂದ ಬರಬೇಕು? ಈ ಚಿತ್ರಗಳ ವ್ಯಾಕರಣ ಊಹಿಸಿಕೊಂಡಿರುವ ಪ್ರೇಕ್ಷಕ ಒಂದು ರಾಜ್ಯದ ನಡುವಿನಲ್ಲಿ ಕುಳಿತವನು; ಭಾಷೆಗಳ ಎಲ್ಲೆ ಅವನಿಗೆ ದೂರದಲ್ಲಿದೆ. ಗಡಿಯ ಮನೆಯಲ್ಲಿ ಲೆಕ್ಕ ತಿರುಗುಮುರುಗಾಗುತ್ತದೆ. ಹೊರಬಾಗಿಲಿನಿಂದ ಪಡಸಾಲೆಯವರೆಗೆ ರಾಜ್ಯಭಾಷೆ ಬಂದಿದ್ದು, ಕನ್ನಡವೇ ಒಳಕೋಣೆಗೆ ಸರಿದು ಅಜ್ಜಿಯೊಂದಿಗೆ ಉಳಿದಿದ್ದರೆ, ಬೀಗ ಹಾಕಿದ ಕೋಣೆಯಿಂದ ಕೇಳಬರುವ ಮಾತು ಯಾವುದಾದೀತು? ನಾಗವಲ್ಲಿ ಅಲ್ಲಿ ಕನ್ನಡದಲ್ಲಿ ಕೂಗಬೇಕಾಗುತ್ತದೆ. ಕೇಳುವ ಮೊಮ್ಮಕ್ಕಳಿಗೆ ಅದು ಅರ್ಥವಾಗಿಯೂ ತಮ್ಮದಲ್ಲದಂತೆ ತೋರೀತು.

ಮೂಲ ಮಲಯಾಳಂ ಚಿತ್ರದಲ್ಲಿ ಇನ್ನೊಂದು ಸೂಕ್ಷ್ಮವಿದೆ: ಗಂಗೆ ಓದುಗಳು. ಹಳೆಯ ಕಥೆಗಳಿಗೆ ಸೋಲುವವಳು, ಪಕ್ಕದ ಮನೆಯ ಅಧ್ಯಾಪಕನ ಕವಿತೆಗಳನ್ನು ಮೊದಲೇ ಮೆಚ್ಚಿದವಳು. ಅವಳ ಮೈಮೇಲೆ ಬರುವುದು ದೆವ್ವಕ್ಕಿಂತ ಮೊದಲು ಕಥೆ. ಮಲಯಾಳಂನಲ್ಲಿ ಇದಕ್ಕೆ ಒಬ್ಬ ಹಿರಿಯಣ್ಣನಿದ್ದಾನೆ. ಮಲಯಾಟ್ಟೂರ್ ರಾಮಕೃಷ್ಣನ್ ಅವರ ‘ಯಕ್ಷಿ’ (1967) ಕಾದಂಬರಿಯ ನಿರೂಪಕ ಶ್ರೀನಿವಾಸನ್ ರಸಾಯನಶಾಸ್ತ್ರದ ಅಧ್ಯಾಪಕ. ಪ್ರಯೋಗಾಲಯದ ಅವಘಡದಲ್ಲಿ ಮುಖ ಸುಟ್ಟು ವಿಕಾರಗೊಂಡವನ ಬಾಳಿನಲ್ಲಿ ಚೆಲುವೆ ರಾಗಿಣಿ ಬರುತ್ತಾಳೆ. ಇಷ್ಟು ಚೆಲುವೆ ತನ್ನನ್ನು ಏಕೆ ಪ್ರೀತಿಸಬೇಕು ಎಂಬ ಸಂಶಯಕ್ಕೆ ಅವನು ಗ್ರಂಥಗಳಲ್ಲಿ ಉತ್ತರ ಹುಡುಕುತ್ತಾನೆ. ಯಕ್ಷಿಯರ ಬಗೆಗೆ ಓದುತ್ತ ಹೋದಂತೆ ಪುರಾವೆಗಳೂ ದೊರೆಯುತ್ತ ಹೋಗುತ್ತವೆ. ಸಂಶೋಧನೆಯೇ ವೃತ್ತಿಯಾದ ನಮ್ಮಂಥವರು ಈ ಕಾದಂಬರಿಯನ್ನು ನಿಶ್ಚಿಂತೆಯಿಂದ ಓದುವುದು ಕಷ್ಟ; ಮೊದಲೇ ತೀರ್ಮಾನಿಸಿದ ಪ್ರಮೇಯಕ್ಕೆ ಆಕರ ಕಲೆಹಾಕುವವನ ಕೈಯಲ್ಲಿ ಜೀವಂತ ಹೆಣ್ಣೊಬ್ಬಳು ಏನಾಗುತ್ತಾಳೆ ಎಂಬುದೇ ಅದರ ನಿಜವಾದ ಭೀತಿ. ಪ್ರಣಯ ಕಾದಂಬರಿಯ ನಾಯಕ ಪ್ರೇಯಸಿಯನ್ನು ಅಪ್ಸರೆ ಎಂದು ಬಣ್ಣಿಸುವುದು ವಾಡಿಕೆ. ಶ್ರೀನಿವಾಸನ್ ಆ ಅಲಂಕಾರವನ್ನು ಅಕ್ಷರಶಃ ನಂಬಿದವನು.

ಇದಕ್ಕೆ ತದ್ವಿರುದ್ಧವಾದದ್ದು ವೈಕಂ ಮುಹಮ್ಮದ್ ಬಷೀರರ ‘ನೀಲವೆಳಿಚ್ಚಂ’. ದೆವ್ವದ ಮನೆಯೆಂದು ಹೆಸರಾದ ಭಾರ್ಗವೀನಿಲಯಕ್ಕೆ ಬಾಡಿಗೆಗೆ ಬರುವ ಲೇಖಕ, ಬಾವಿಗೆ ಬಿದ್ದು ಸತ್ತ ಹುಡುಗಿಯೊಂದಿಗೆ ನೆರೆಯವನ ಸೌಜನ್ಯದಿಂದ ಮಾತಾಡುತ್ತಾನೆ. ಅವಳು ಒಂದು ಮಾತನ್ನೂ ಆಡುವುದಿಲ್ಲ. ದೀಪದಲ್ಲಿ ಎಣ್ಣೆ ತೀರಿದ ಇರುಳು, ಸೀಮೆಎಣ್ಣೆ ತರಲು ಹೋದವನು ಮರಳಿದಾಗ ಕೋಣೆಯ ತುಂಬ ನೀಲಿ ಬೆಳಕು ಇರುತ್ತದೆ. ಬಷೀರರೇ ಚಿತ್ರಕಥೆ ಬರೆದು ಎ. ವಿನ್ಸೆಂಟ್ ನಿರ್ದೇಶಿಸಿದ ‘ಭಾರ್ಗವೀನಿಲಯಂ’ (1964) ಈ ಕಥೆಗೆ ಕೊಲೆಯನ್ನೂ ಖಳನನ್ನೂ ಸೇರಿಸಿತು. ಅದೇ ಚಿತ್ರಕಥೆಯನ್ನು ಆಶಿಕ್ ಅಬು 2023ರಲ್ಲಿ ‘ನೀಲವೆಳಿಚ್ಚಂ’ ಎಂಬ ಹೆಸರಿನಲ್ಲೇ ಮತ್ತೆ ತೆರೆಗೆ ತಂದರು. ಹೊಸ ಚಿತ್ರದ ಬಣ್ಣ, ಬೆಳಕು ಸುಂದರ. ಆದರೆ ಕಥೆಯಲ್ಲಿದ್ದ ಒಂದು ಗೆರೆಯ ಬೆಳಕಿಗೆ ಎರಡು ಗಂಟೆಯ ವಿವರಣೆ ಸಮವಲ್ಲ. ದೆವ್ವಕ್ಕೆ ಭಾಷೆಯನ್ನೇ ಕೊಡದೆ, ಆದ್ದರಿಂದ ಅವಳನ್ನು ಯಾರ ನೆರೆಯವಳನ್ನಾಗಿಯೂ ಮಾಡದೆ ಬಿಟ್ಟ ಬಷೀರರ ಕಥೆಯೇ ನನಗೆ ಹೆಚ್ಚು.

ಕನ್ನಡದಲ್ಲಿ ತ್ರಿವೇಣಿ (1928–1963) ದೆವ್ವವನ್ನು ಕರೆಯದೆಯೇ ಈ ಕೆಲಸ ಮಾಡಿದ್ದರು. ‘ಶರಪಂಜರ’ದ ಕಾವೇರಿಯ ಬಾಧೆಗೆ ನಾಗವಲ್ಲಿಯ ಸೀರೆ, ಗೆಜ್ಜೆಗಳ ನೆಪ ಬೇಕಾಗಲಿಲ್ಲ. ಅವರ ‘ಬೆಕ್ಕಿನ ಕಣ್ಣು’ ಕಾದಂಬರಿಯನ್ನು ಪುಟ್ಟಣ್ಣ ಕಣಗಾಲ್ 1966ರಲ್ಲಿ ಮಲಯಾಳಂನಲ್ಲಿ ‘ಪೂಚ್ಚಕ್ಕಣ್ಣಿ’ಯಾಗಿ ಚಿತ್ರಿಸಿದ್ದನ್ನು ನೆನೆದರೆ, ಮನೋವಿಶ್ಲೇಷಣೆಯ ಕಥನ ಘಟ್ಟ ದಾಟಿದ ದಾರಿ ಏಕಮುಖವಲ್ಲವೆಂದು ತಿಳಿಯುತ್ತದೆ. ಯಂಡಮೂರಿಯವರ ‘ತುಳಸಿದಳಂ’ ಕನ್ನಡದಲ್ಲೂ ಅಪಾರವಾಗಿ ಓದಿಸಿಕೊಂಡಿತು. ಅದರಲ್ಲಿ ಪ್ರೇಮಕ್ಕೆ ಜಾಗವಿಲ್ಲದ ಕಾರಣ ಇಲ್ಲಿ ಕೈಬಿಟ್ಟಿದ್ದೇನೆ.

2025ರಲ್ಲಿ ತಿಂಗಳೊಂದರ ಅಂತರದಲ್ಲಿ ಬಂದ ಎರಡು ಚಿತ್ರಗಳು ಈ ವ್ಯಾಕರಣವನ್ನು ಕದಲಿಸಿವೆ. ಜುಲೈಯ ‘ಸು ಫ್ರಮ್ ಸೋ’ದಲ್ಲಿ ದೆವ್ವದ ಗುರುತು ಭಾಷೆಯಲ್ಲ, ವಿಳಾಸ: ಸೋಮೇಶ್ವರದ ಸುಲೋಚನಾ. ನಿರ್ದೇಶಕ ಜೆ.ಪಿ. ತುಮಿನಾಡ್ ಹೆಸರಿನೊಡನಿರುವ ಊರು ಮಂಜೇಶ್ವರದ ಕಡೆಯದು. ಸೋಮೇಶ್ವರಕ್ಕೂ ಅದಕ್ಕೂ ನಡುವೆ ರಾಜ್ಯದ ಗಡಿ ಹಾದುಹೋಗುತ್ತದೆ. ನಗಿಸುತ್ತಲೇ ಚಿತ್ರ ದೆವ್ವದ ಜಾಡು ಹಿಡಿದು ಸತ್ತವಳ ಮನೆಯವರೆಗೆ ಹೋಗಿ, ಅಲ್ಲಿ ಬದುಕಿರುವ ಮಗಳನ್ನು ಕಾಣಿಸಿ, ಅಲ್ಲಿಂದ ಪ್ರೇಮಕ್ಕೆ ಹೊರಳುತ್ತದೆ. ಅದು ದೊಡ್ಡ ಗೆಲುವು. ಒಂದು ಆಕ್ಷೇಪ ಮಾತ್ರ ಉಳಿಯುತ್ತದೆ: ಮನೆಯಲ್ಲಿ ತುಳುವನ್ನು ಆಡಬೇಕಾದ ಜನ ಇಲ್ಲಿ ಉದ್ದಕ್ಕೂ ಕರಾವಳಿಯ ಕನ್ನಡವನ್ನಾಡುತ್ತಾರೆ. ವ್ಯಾಪಾರದ ದೃಷ್ಟಿಯಿಂದ ಕಾರಣ ಸ್ಪಷ್ಟ. ಕಾಸರಗೋಡಿನಲ್ಲಿ ಕನ್ನಡದ ಮೇಲೆ ಆಗುತ್ತಿರುವುದರ ಬಗೆಗೆ ಬರೆಯುವ ನಾವು, ಕನ್ನಡ ತುಳುವಿನ ಮೇಲೆ ಮಾಡುವುದನ್ನೂ ನೋಡಬೇಕಲ್ಲ.

ತುಳುನಾಡಿನ ಮಾತು ಬಂದದ್ದರಿಂದ ಕುಲೆ ಮದುವೆಯನ್ನು ಇಲ್ಲಿ ನೆನೆಯದೆ ಮುಂದೆ ಹೋಗಲಾಗದು. ಮದುವೆಯಾಗದೆ ಸತ್ತವರಿಗೆ, ಅವರು ಬದುಕಿದ್ದರೆ ಮದುವೆಯ ವಯಸ್ಸಿಗೆ ಬರುತ್ತಿದ್ದ ಹೊತ್ತಿಗೆ, ಹಾಗೆಯೇ ಸತ್ತ ಇನ್ನೊಬ್ಬರನ್ನು ಹುಡುಕಿ ಮದುವೆ ಮಾಡಿಸುವ ಈ ಪದ್ಧತಿ ದಕ್ಷಿಣ ಕನ್ನಡದಿಂದ ಕಾಸರಗೋಡಿನವರೆಗೆ ಇನ್ನೂ ಜೀವಂತವಾಗಿದೆ. 2024ರಲ್ಲಿ ಪುತ್ತೂರಿನ ಕುಟುಂಬವೊಂದು ಮೂವತ್ತು ವರ್ಷಗಳ ಹಿಂದೆ ತೀರಿಕೊಂಡ ಮಗಳಿಗಾಗಿ ಪತ್ರಿಕೆಯಲ್ಲಿ ವರನನ್ನು ಕೇಳಿದಾಗ ದೇಶವಿಡೀ ಬೆರಗಾಯಿತು. ಕಾದಂಬರಿ ಮತ್ತು ಸಿನಿಮಾದಲ್ಲಿ ಮದುವೆಯಾಗದೆ ಸತ್ತವಳು ಗಂಡಸರ ಪ್ರಾಣಕ್ಕೆ ಅಪಾಯ. ಇಲ್ಲಿ ಅವಳು ವಯಸ್ಸಿಗೆ ಬಂದ ಮಗಳು. ಅವಳಿಗೆ ಸೀರೆ, ಕರಿಮಣಿ ಸಲ್ಲಬೇಕು. ಅವಳ ಭಾಷೆ ಮನೆಯವರದೇ ಭಾಷೆ. ಜಾತಿ, ಬರಿಗಳ ಲೆಕ್ಕ ಸತ್ತ ಮೇಲೂ ತಪ್ಪುವುದಿಲ್ಲವೆಂಬುದನ್ನು ಮರೆತು ಇದನ್ನು ಕೊಂಡಾಡಬೇಕಿಲ್ಲ. ಆದರೂ ಪ್ರಣಯ-ಭೀತಿ ಕಥನಕ್ಕೆ ಇಷ್ಟು ಫಲವತ್ತಾದ ವಸ್ತು ಇನ್ನೊಂದಿಲ್ಲ.

ಆಗಸ್ಟಿನಲ್ಲಿ ಬಂದ ಡೊಮಿನಿಕ್ ಅರುಣ್ ನಿರ್ದೇಶನದ ‘ಲೋಕಃ’ ಮಲಯಾಳಂನ ಯಕ್ಷಿಯನ್ನು ಬೆಂಗಳೂರಿಗೆ ಕರೆತಂದಿತು. ಕೊಟ್ಟಾರತ್ತಿಲ್ ಶಂಕುಣ್ಣಿಯವರ ‘ಐತಿಹ್ಯಮಾಲೆ’ಯಲ್ಲಿ ಕಡಮಟ್ಟತ್ತು ಕತ್ತನಾರರೊಡನೆ ಹೆಸರು ಕೇಳಿಬರುವ ಕಳ್ಳಿಯಂಕಾಟ್ಟು ನೀಲಿಯೇ ಇಲ್ಲಿ ಚಂದ್ರ, ಎದುರು ಮನೆಯ ಹುಡುಗ ಅವಳಿಗೆ ಮರುಳಾಗುತ್ತಾನೆ. ನೀಲಿಯನ್ನು ರಾಜನ ದಬ್ಬಾಳಿಕೆಗೆ ತುತ್ತಾದ ಬುಡಕಟ್ಟಿನ ಹುಡುಗಿಯಾಗಿ ಮರುಕಲ್ಪಿಸಿದ್ದು ಚಿತ್ರದ ಹೆಚ್ಚುಗಾರಿಕೆ. ಆದರೆ ಹಳೆಯ ವ್ಯಾಕರಣ ಸತ್ತಿಲ್ಲ, ತಿರುಗಿಕೊಂಡಿದೆ ಅಷ್ಟೆ. ಯಕ್ಷಿ ನಮ್ಮವಳಾದ ಮೇಲೆ ಕೇಡು ನೆರೆಯವನದಾಗಬೇಕು: ಹೆಣ್ಣನ್ನು ಹೀನವಾಗಿ ಕಾಣುವ ಪೊಲೀಸ್ ಅಧಿಕಾರಿಯ ಹೆಸರು ನಾಚಿಯಪ್ಪ ಗೌಡ. ಅರ್ಧ ತಮಿಳು, ಅರ್ಧ ಕನ್ನಡವಾದ ಈ ಹೆಸರನ್ನು ಕಟ್ಟಿದವರಿಗೆ ಗಡಿಯಾಚೆಯ ಎರಡು ನಾಡುಗಳು ಒಂದೇ ಆಗಿ ಕಂಡಿರಬೇಕು.

ನೀಲಿಯ ಕಳ್ಳಿಯಂಕಾಡು ಇರುವುದು ಇಂದಿನ ಕನ್ಯಾಕುಮಾರಿ ಜಿಲ್ಲೆಯಲ್ಲಿ. ತಿರುವಾಂಕೂರಿಗೆ ಸೇರಿದ್ದ ಆ ಸೀಮೆ 1956ರ ನವೆಂಬರ್ 1ರಂದು ಮದ್ರಾಸ್ ರಾಜ್ಯಕ್ಕೆ ಹೋಯಿತು. ಅದೇ ದಿನ ಕಾಸರಗೋಡು ಕೇರಳಕ್ಕೆ ಬಂತು. ಮಲಯಾಳಂನ ಅತಿ ಪ್ರಸಿದ್ಧ ಯಕ್ಷಿ ಆಡಳಿತದ ಲೆಕ್ಕದಲ್ಲಿ ತಮಿಳು ನಾಡಿನವಳು. ನೀಲಿಯ ಕಥೆ ತಮಿಳಿನ ವಿಲ್ಲುಪಾಟ್ಟಿನಲ್ಲೂ ಇದೆ. ಅವಳು ಎರಡು ಭಾಷೆಯವಳಾಗಿದ್ದಳೆಂಬುದನ್ನು ಮಾತ್ರ ಹೊಸ ಚಿತ್ರ ಬಳಸಿಕೊಳ್ಳಲಿಲ್ಲ.

ಕೊನೆಯದಾಗಿ, ಬರೆದವರಿಲ್ಲದ ಒಂದು ಕಥೆ. 1990ರ ದಶಕದಲ್ಲಿ ಬೆಂಗಳೂರಿನ ಬಾಗಿಲುಗಳ ಮೇಲೆ ‘ನಾಳೆ ಬಾ’ ಎಂದು ಬರೆಯಿಸಿದ ದೆವ್ವ ತೆಲುಗು ನಾಡಿನಲ್ಲಿ ‘ಓ ಸ್ತ್ರೀ, ರೇಪು ರಾ’ ಎಂದು ಬರೆಯಿಸಿತು. 2018ರ ‘ಸ್ತ್ರೀ’ ಚಿತ್ರದ ಮೂಲಕ ಹಿಂದಿಗೂ ಹೋಯಿತು. ಇದು ನಾಗವಲ್ಲಿಯ ವಂಶದ್ದಲ್ಲ. ರಾತ್ರಿ ಬಾಗಿಲು ತಟ್ಟುವಾಗ ಅದು ಮನೆಯವರದೇ ದನಿಯಲ್ಲಿ, ಅಮ್ಮನ ದನಿಯಲ್ಲಿ ಕರೆಯುತ್ತದೆ ಎಂಬುದು ಆ ವದಂತಿಯ ತಿರುಳು. ಎಂದರೆ ಅದು ಆಡುವುದು ನೆರೆಯ ಭಾಷೆಯನ್ನಲ್ಲ, ಮನೆಮಾತನ್ನು. ಅದಕ್ಕೆ ಓದಲೂ ಬರುತ್ತದೆ. ‘ನಾಳೆ ಬಾ’ ಎಂಬುದು ತಾಳವಾಡಿಯಲ್ಲಿ ತಮಿಳರಿಗೂ ಮಂಜೇಶ್ವರದಲ್ಲಿ ಮಲಯಾಳಿಗಳಿಗೂ ಹೆಚ್ಚುಕಡಿಮೆ ಹಾಗೆಯೇ ಅರ್ಥವಾಗುತ್ತದೆ. ಬಕಾರ ವಕಾರವಾದರೆ ಸಾಕು. ಲಿಪಿ ಮಾತ್ರ ಬೇರೆ. ಒಳಗೆ ಕನ್ನಡವಾಡಿ ಹೊರಗಿನ ಫಲಕಗಳನ್ನೆಲ್ಲ ಇನ್ನೊಂದು ಲಿಪಿಯಲ್ಲಿ ಓದುವ ಮನೆಯವರು, ಅಮ್ಮನ ದನಿಯಲ್ಲಿ ಕನ್ನಡದಲ್ಲಿ ಕರೆಯುವವಳಿಗೆ ಯಾವ ಅಕ್ಷರಗಳಲ್ಲಿ ಉತ್ತರ ಬರೆದಿಟ್ಟು ಮಲಗಿದರು ಎಂಬ ಕಥೆಗಾಗಿ ನಾನು ಕಾಯುತ್ತಿದ್ದೇನೆ.