ರಾಘವಾಂಕನ ಅನಾಮಿಕೆಯರು
ಕ್ರಿ. ಶ. 1225ರ ಸುಮಾರಿನವನೆಂದು ಎಣಿಸಲಾಗುವ ರಾಘವಾಂಕನ ‘ಹರಿಶ್ಚಂದ್ರಕಾವ್ಯ’ದಲ್ಲಿ ಅನಾಮಿಕ ಕನ್ಯೆಯರ ಪ್ರಸಂಗವನ್ನು ವಿಶ್ವಾಮಿತ್ರನ ಒಂದು ಹೂಟವೆಂದಷ್ಟೇ ತಿಳಿದು ಮುಂದೆ ಸಾಗುವುದುಂಟು. ಅದು ಸಾಲದು. ಗಾನಕ್ಕೆ ಮೆಚ್ಚಿದ ಅರಸನಲ್ಲಿ ಅವರು ಬೇಡುವುದು ಬೆಳ್ಗೊಡೆಯನ್ನು; ಅದು ದೊರೆಯದಿರಲು, ಅವನ ಪತ್ನೀತ್ವವನ್ನು. ಅವನು ಕುಲವನ್ನು ಮುಂದೊಡ್ಡಿ ಹಳಿಯುತ್ತಾನೆ. ಆಗ ಅವರು ಹೂಡುವ ವಾದ ಕನ್ನಡದಲ್ಲಿ ಅಪೂರ್ವವಾದುದು: ಹಾಡನ್ನು ಸವಿದ ಕಿವಿಗೂ ರೂಪನ್ನು ಕಂಡ ಕಣ್ಣಿಗೂ ತಟ್ಟದ ಮೈಲಿಗೆ ಸ್ಪರ್ಶವೊಂದಕ್ಕೇ ತಟ್ಟುವುದೆಂತು? ಇಂದ್ರಿಯಗಳಲ್ಲಿಯೂ ಜಾತಿಭೇದವುಂಟೆ? ಅರಸನು ಇದನ್ನು ಒಪ್ಪನು. ಕೊನೆಗೆ ಕೈ ಏಳುತ್ತದೆ.

ಮುನಿಯ ಕೋಪದಿಂದ ಹುಟ್ಟಿದ ಮಾಯೆಯರ ಮಾತಿಗೆ ಬೆಲೆಯೇನೆಂದು ಕೆಲವರು ಆಕ್ಷೇಪಿಸಬಹುದು. ಆದರೆ ಮಾಯೆಯ ಬಾಯಲ್ಲಿ ಇಂಥ ಹರಿತವಾದ ತರ್ಕವನ್ನಿಡಬೇಕೆಂಬ ನಿರ್ಬಂಧ ಕಥೆಗೆ ಇರಲಿಲ್ಲ. ಇಟ್ಟವನು ಕವಿ, ಅದೂ, ವಾಗ್ವಾದಕ್ಕೆ ತಾನೇ ಪಳಗಿಸಿದ ವಾರ್ಧಕ ಷಟ್ಪದಿಯಲ್ಲಿ.

ಅವರನ್ನು ವರಿಸಲೊಲ್ಲದೆ ರಾಜ್ಯವನ್ನೇ ತೊರೆದವನು ಕಾಶಿಯಲ್ಲಿ ವೀರಬಾಹುವೆಂಬ ಹೊಲೆಯನಿಗೆ ತನ್ನನ್ನು ಮಾರಿಕೊಂಡು ಸುಡುಗಾಡನ್ನು ಕಾಯುತ್ತಾನೆ. ಕುಲಕ್ಕಾಗಿ ರಾಜ್ಯವನ್ನು ಬಿಟ್ಟವನು ಸತ್ಯಕ್ಕಾಗಿ ಕುಲವನ್ನೂ ಬಿಡಬೇಕಾಯಿತು. ಈ ವ್ಯಂಗ್ಯ ಗಹನವಾದುದು. ಆದರೂ ಕಾವ್ಯವು ಆ ಹೆಣ್ಣುಗಳಿಗೆ ನ್ಯಾಯ ದೊರಕಿಸಿತೆನ್ನಲಾಗದು. ಅರಸನ ಪರೀಕ್ಷೆಗೆ ಸಾಧನವಾಗಿ ಬಂದ ಅವರು, ಪೆಟ್ಟು ತಿಂದು, ಹೆಸರೊಂದಿಲ್ಲದೆಯೇ ಕಥೆಯಿಂದ ಮರೆಯಾಗುತ್ತಾರೆ.