ತೊಟ್ಟಿಲವನ ಕಣ್ಣಳತೆ

ಬಿಡದಿಗೆ ಹೋಗಿ ಬಂದ ನಮ್ಮ ರೋಣ, ನರಗುಂದ, ಗಜೇಂದ್ರಗಡದ ಮಂದಿ ಅಲ್ಲಿನ ಆಟಗಳಿಗಿಂತ ಹೆಚ್ಚಾಗಿ ಸಿಬ್ಬಂದಿಯ ನಯವನ್ನೇ ಕೊಂಡಾಡುತ್ತಾರೆ. 2005ರಲ್ಲಿ ಅಲ್ಲಿ ವಂಡರ್‌ಲಾ ಮನರಂಜನಾ ಪಾರ್ಕು ಬಾಗಿಲು ತೆರೆದಾಗಿನಿಂದ ಈ ಹೊಗಳಿಕೆ ಒಂದು ಅಳತೆಗೋಲೇ ಆಗಿಬಿಟ್ಟಿದೆ. ಅದನ್ನು ಹಿಡಿದುಕೊಂಡು ಬಂದು ಕಾಲಕಾಲೇಶ್ವರನ ಜಾತ್ರೆಯಲ್ಲಿ ತೊಟ್ಟಿಲು ತಿರುಗಿಸುವವನನ್ನು ಅಳೆಯುತ್ತಾರೆ. ಒರಟ, ಮಾತಿನಲ್ಲಿ ಮರ್ಯಾದೆ ಇಲ್ಲ, ಬಾಯಲ್ಲಿ ಸದಾ ಗುಟ್ಕಾ ಎಂದು ತೀರ್ಪು ಕೊಡುತ್ತಾರೆ. ಗುಟ್ಕಾದ ಮಾತು ನಿಜ. ಉಳಿದದ್ದು ನೋಡಲು ಬಾರದವರ ಮಾತು.

ಪಾರ್ಕಿನ ನಯ ಎಲ್ಲಿಂದ ಬಂತೆಂಬುದು ಗೊತ್ತಿದ್ದದ್ದೇ. 1955ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಡಿಸ್ನಿಲ್ಯಾಂಡ್ ಶುರುವಾದಾಗ ಕೆಲಸದವರನ್ನು ನಟರಂತೆ ತಯಾರು ಮಾಡುವ ಪಾಠಶಾಲೆಯೂ ಶುರುವಾಯಿತು. ದಿರಿಸು, ನಗು, ಬಾಯಿಪಾಠದ ಮಾತು ಎಲ್ಲವೂ ಅಲ್ಲಿಯವೇ. ಜಗತ್ತಿನ ಪಾರ್ಕುಗಳೆಲ್ಲ ಇವತ್ತಿಗೂ ಆ ಮನೆಯ ಒಕ್ಕಲು. ಸಂಬಳಕ್ಕೆ ನಗುವವರ ಪಾಡನ್ನು ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ 1983ರಲ್ಲೇ ಗಗನಸಖಿಯರನ್ನು ಮುಂದಿಟ್ಟುಕೊಂಡು ಬರೆದಾಗಿದೆ, ಇಲ್ಲಿ ಮತ್ತೆ ಅದನ್ನು ಎಳೆಯಬೇಕಿಲ್ಲ. ನನ್ನ ತಕರಾರು ಬೇರೆ. ಬಂದ ಪ್ರತಿಯೊಬ್ಬರಿಗೂ ಒಂದೇ ನಗು ಹಂಚುವವನು ಅವರಲ್ಲಿ ಯಾರ ಮುಖವನ್ನೂ ನೋಡಬೇಕಾಗಿಲ್ಲ. ತೊಟ್ಟಿಲವನಿಗೆ ಆ ಸೌಲಭ್ಯ ಇಲ್ಲ.

ತೊಟ್ಟಿಲು ತುಂಬುವ ಹೊತ್ತನ್ನೇ ನೋಡಿ. ಗಾಲಿಯ ಸುತ್ತ ತೂಗುವ ಪೆಟ್ಟಿಗೆಗಳನ್ನು ಒಂದರ ಹಿಂದೊಂದು ಸಾಲಾಗಿ ತುಂಬುವಂತಿಲ್ಲ. ಒಂದೇ ಮಗ್ಗುಲು ಭಾರವಾದರೆ ಗಾಲಿ ಆ ಕಡೆಗೇ ಜಗ್ಗುತ್ತದೆ. ಮೇಲೆತ್ತುವಾಗ ಎಂಜಿನ್ನು ಏದುತ್ತದೆ, ಕೆಳಗಿಳಿಸುವಾಗ ಬ್ರೇಕಿಗೆ ತಡೆಯುವುದು ಕಷ್ಟ. ಹಾಗಾಗಿ ಒಂದು ಪೆಟ್ಟಿಗೆ ತುಂಬಿದ ಕೂಡಲೇ ಅರ್ಧ ಸುತ್ತು ತಿರುಗಿಸಿ ಅದರ ಎದುರಿನದನ್ನು ತುಂಬಬೇಕು. ಎರಡೂ ಕಡೆ ಭಾರ ಹೆಚ್ಚುಕಡಿಮೆ ಸಮ ಇರಬೇಕು. ಅವನ ಹತ್ತಿರ ತಕ್ಕಡಿ ಇಲ್ಲ, ಕಣ್ಣಿದೆ. ಪಾಳಿಯಲ್ಲಿ ನಿಂತವರ ಮೇಲೆ ಒಮ್ಮೆ ಹಾಯಿಸಿದ ನೋಟದಲ್ಲೇ ಈ ದಪ್ಪನೆಯ ಸಾಹುಕಾರನಿಗೆ ಎದುರಾಗಿ ಆ ಮೂರು ಹುಡುಗಿಯರು ಎಂದು ಲೆಕ್ಕ ಮುಗಿದಿರುತ್ತದೆ.

ಭಾರ ಒಂದೇ ಆಗಿದ್ದರೆ ಇದು ಹಮಾಲರ ಜಾಣ್ಮೆ ಎಂದು ಬಿಟ್ಟುಬಿಡಬಹುದಿತ್ತು. ಆದರೆ ಯಾರ ಮಗ್ಗುಲಿಗೆ ಯಾರು ಎಂಬ ಲೆಕ್ಕವನ್ನೂ ಅದೇ ನೋಟ ಮಾಡುತ್ತದೆ. ಹೊಸದಾಗಿ ಮದುವೆಯಾದವರ ಪೆಟ್ಟಿಗೆಗೆ ಮೂರನೆಯವರು ಬೇಡ. ಪೆಟ್ಟಿಗೆ ಅಲುಗಾಡಿಸುವ ಹುಡುಗರ ಜೊತೆ ಹೆಣ್ಣುಮಕ್ಕಳು ಬೇಡ. ಕುಡಿದು ಬಂದವನನ್ನು ಹತ್ತಿಸಲೇಬಾರದು, ಆದರೆ ಜಗಳವೂ ಆಗಬಾರದು. "ಯಕ್ಕಾ, ನೀವು ಇದರಾಗ ಕುಂದರ್ರಿ, ಕೂಸು ನಡುವ ಇರ್ಲಿ. ಲೇ ತಮ್ಮಾ, ನೀ ಇಳಿ, ಆ ಪೆಟಗಿಗೆ ನಡಿ. ಕಾಕಾ, ನಿಮ್ಮದು ಮುಂದಿನ ಸುತ್ತಿಗಿ, ಈಗ ಒಂದೀಟು ಚಾ ಕುಡದ್ ಬರ್ರಿ." ಒಂದೇ ಉಸಿರಿನ ಈ ಮಾತಿನಲ್ಲಿ ಮೂವರಿಗೆ ಮೂರು ಬಗೆಯ ಉಪಚಾರ ಆಯಿತು. ಕುಡುಕನಿಗೆ ಮರ್ಯಾದೆಯೂ ಸಿಕ್ಕಿತು, ಜಾಗ ಮಾತ್ರ ಸಿಗಲಿಲ್ಲ. ಇದನ್ನು ಒರಟುತನ ಎನ್ನುವವರು 'ಲೇ' ಒಂದನ್ನೇ ಕೇಳಿಸಿಕೊಂಡಿದ್ದಾರೆ.

ಗಾಲಿ ತಿರುಗತೊಡಗಿದ ಮೇಲೆ ಅವನ ಕೆಲಸ ಕಿವಿಗೆ ಬೀಳುತ್ತದೆ. ಮೇಲಿಂದ ಬರುವ ಕೂಗೆಲ್ಲ ಒಂದೇ ಅಲ್ಲ. ಖುಷಿಯ ಕಿರುಚಾಟ ಪೆಟ್ಟಿಗೆ ಕೆಳಗೆ ಬಂದಾಗ ನಗುವಾಗುತ್ತದೆ. ನಿಜವಾಗಿ ಹೆದರಿದವರು ಕೆಳಗೆ ಬಂದಾಗಲೂ ಕಣ್ಣು ಬಿಡುವುದಿಲ್ಲ. ಅಂಥ ಅಜ್ಜಿಯೊಬ್ಬಳಿದ್ದರೆ ಗಾಲಿ ನಿಧಾನವಾಗುತ್ತದೆ, ಮೊದಲು ಕೆಳಗೆ ಬಂದು ನಿಲ್ಲುವುದು ಅವಳ ಪೆಟ್ಟಿಗೆಯೇ. 'ಇನ್ನೊಂದು ಸುತ್ತು' ಎಂದು ಹುಡುಗರು ಒದರಿದರೆ ಪಾಳಿಯ ಉದ್ದ ನೋಡಿ ಕೊಡುತ್ತಾನೆ, ಇಲ್ಲವೆ ಕೇಳಿಸದವನಂತೆ ಇರುತ್ತಾನೆ. ನಾಟಕ ಕಂಪನಿಯ ಹಳೆಯ ನಟ ಮಂದಿಯ ಕೆಮ್ಮು ಕೇಳಿ ಮಾತನ್ನು ಹಿಗ್ಗಿಸಿ ಕುಗ್ಗಿಸುವ ಹಾಗೆ. ಪಾರ್ಕಿನ ದೊಡ್ಡ ಯಂತ್ರಕ್ಕೆ ಹೊತ್ತು ಮೊದಲೇ ಕಟ್ಟಿಟ್ಟಿರುತ್ತದೆ. ಗುಂಡಿ ಒತ್ತುವವನ ಕಿವಿಗೆ ಏನು ಬಿದ್ದರೂ ಅದು ಅಷ್ಟೇ ಸುತ್ತುತ್ತದೆ.

ಸಾವಿನ ಬಾವಿಯ ಸವಾರ ಹಲಗೆಯ ಗೋಡೆಯ ಮೇಲೆ ಸುತ್ತುತ್ತ ಕಟಾಂಜನದಾಚೆ ಚಾಚಿದ ಕೈಯಿಂದ ಹತ್ತು ರೂಪಾಯಿ ನೋಟು ಕಸಿಯುವುದೂ ಇದೇ ಜಾತಿಯ ವಿದ್ಯೆ. ಅದಕ್ಕೆ ಚಪ್ಪಾಳೆ ಬೇಕಾದಷ್ಟು ಬೀಳುತ್ತದೆ, ನನ್ನ ವಕೀಲಿ ಬೇಕಿಲ್ಲ.

ಸುರಕ್ಷತೆಯಲ್ಲಿ ಪಾರ್ಕು ಮೇಲು, ಒಪ್ಪಿದೆ. ಶೌಚಾಲಯದಲ್ಲೂ ಮೇಲು.

ಆದರೆ ನನ್ನ ನಿಜವಾದ ಸಿಟ್ಟು ಪಾರ್ಕಿನ ಮೇಲಲ್ಲ, ನಮ್ಮ ಜಾನಪದ ವಿದ್ವಾಂಸರ ಮೇಲೆ. ಜಾತ್ರೆಯ ಬಗ್ಗೆ ಬರೆಯುವಾಗ ತೇರು, ಜಗ್ಗಲಿಗೆ, ಹೆಜ್ಜೆಮೇಳ, ದೊಡ್ಡಾಟ ಎಲ್ಲಕ್ಕೂ ಅಧ್ಯಾಯ ಕೊಡುತ್ತಾರೆ. ತೊಟ್ಟಿಲು ಬಂದರೆ 'ಇತ್ತೀಚಿನ ವ್ಯಾಪಾರಿ ಮನರಂಜನೆ' ಎಂದು ಒಂದು ಸಾಲಿನಲ್ಲಿ ದಾಟಿಬಿಡುತ್ತಾರೆ. ಎಂಜಿನ್ನು ಬರುವ ಮೊದಲು ಕಟ್ಟಿಗೆಯ ತೊಟ್ಟಿಲನ್ನು ಆಳುಗಳೇ ಚೌಕಟ್ಟು ಹತ್ತಿ ಮೈಭಾರದಿಂದ ತಿರುಗಿಸುತ್ತಿದ್ದರು. ಅದು ಇವರ ಪುಸ್ತಕಕ್ಕೆ ಸೇರಲಿಲ್ಲ, ಯಾಕೆಂದರೆ ಅದಕ್ಕೆ ಹಾಡಿಲ್ಲ, ದೇವರಿಲ್ಲ, ಟಿಕೆಟ್ಟು ಇದೆ. ಕಂಪನಿ ನಾಟಕಕ್ಕೂ ಟಿಕೆಟ್ಟು ಇತ್ತಲ್ಲ ಸ್ವಾಮಿ! ಅದರ ಮೇಲೆ ಪಿಎಚ್‌.ಡಿ. ಪ್ರಬಂಧಗಳು ಬಂದವು.

ಇನ್ನೊಂದು ಗುಂಪು ಎಡದಿಂದ ಬರುತ್ತದೆ. ಕೂಲಿ ಕಡಿಮೆ ಇದ್ದವನ ಚಾತುರ್ಯವನ್ನು ಹೊಗಳುವುದು ಬಡತನಕ್ಕೆ ಬಣ್ಣ ಬಳಿದಂತೆ ಎನ್ನುತ್ತದೆ. ಅಂದರೆ ಸಂಬಳ ಹೆಚ್ಚುವವರೆಗೆ ಅವನ ಕೆಲಸವನ್ನು ಕೆಲಸವೆಂದು ನೋಡಲೂ ಬಾರದೆ? ಇವರು ಜಾನ್ ವಾನ್ ಮಾನೆನ್ 1991ರಲ್ಲಿ ಬರೆದದ್ದನ್ನು ಓದಲಿ. ಆತ ಸ್ವತಃ ಡಿಸ್ನಿಲ್ಯಾಂಡಿನಲ್ಲಿ ಆಟ ನಡೆಸಿದ್ದವ. ಕಿರಿಕಿರಿ ಮಾಡುವ ಗಿರಾಕಿಯ ಸೀಟಿನ ಪಟ್ಟಿಯನ್ನು ಉಸಿರು ಕಟ್ಟುವಷ್ಟು ಬಿಗಿದು ಮುಖದ ನಗು ಹಾಗೇ ಇಟ್ಟುಕೊಳ್ಳುವವರನ್ನು ಆತ ವರ್ಣಿಸಿದ್ದಾನೆ. ಬಾಯಿಬಿಟ್ಟು ಬೈಯಲು ಬಿಡದ ಕಡೆ ಸಿಟ್ಟು ಕೈಗಿಳಿಯುತ್ತದೆ. ನಮ್ಮ ತೊಟ್ಟಿಲವ ಸಿಟ್ಟು ಬಂದರೆ ಎಲ್ಲರೆದುರು ಬೈಯುತ್ತಾನೆ, ಬೈಸಿಕೊಂಡವನೂ ತಿರುಗಿ ಬೈಯುತ್ತಾನೆ, ಗಾಲಿ ತಿರುಗುತ್ತದೆ.

ಈಗ ಜಾತ್ರೆ ಕಮಿಟಿಗಳಿಗೂ 'ಪಾರ್ಕಿನಂಥ ಶಿಸ್ತು' ತರಬೇಕೆಂಬ ಉಪದೇಶ ಆಗುತ್ತಿರುತ್ತದೆ. ತರಲಿ. ಬೋಲ್ಟು, ವೆಲ್ಡಿಂಗು, ವೈರು ತಪಾಸಣೆಯಾಗಲಿ. ದುಡಿಯುವ ಹುಡುಗರಿಗೆ ಮಲಗಲು ನೆರಳು, ಕುಡಿಯಲು ನೀರು ಸಿಗಲಿ. ಜಾಗದ ಲಿಲಾವು ಏರಿದಷ್ಟೂ ತೊಟ್ಟಿಲವ ಸುತ್ತು ಕಡಿಮೆ ಮಾಡುತ್ತಾನೆ, ತುಂಬುವಾಗ ಅವಸರ ಮಾಡುತ್ತಾನೆ. ಮೊದಲು ಆ ದರ ಇಳಿಸಲಿ. ತೊಟ್ಟಿಲವನಿಗೆ ಪಾರ್ಕಿನವರಂಥ ಟೀ ಶರ್ಟು ತೊಡಿಸುವ ವಿಚಾರ ಆಮೇಲೆ ನೋಡೋಣ.