ಹೋಟೆಲ್ ಮುಂದಿನ ಕುರುಬ

ಹಾವೇರಿ ಜಿಲ್ಲೆಯ ಶಿಲ್ಪದ ಮಾತು ಬಂದರೆ ಎಲ್ಲರೂ ಸಿದ್ಧೇಶ್ವರನ ಗುಡಿಯ ಹೆಸರು ಹೇಳುತ್ತಾರೆ, ಇಲ್ಲವೇ ಹಾನಗಲ್ಲಿನ ತಾರಕೇಶ್ವರನದು. ಹೇಳಬೇಕಾದ್ದೇ. ಆದರೆ ಈ ವಾರ ಹೆದ್ದಾರಿ ಬದಿಯ ಹೋಟೆಲುಗಳ ಮುಂದೆ ನಿಂತ ಸಿಮೆಂಟಿನ ಮಂದಿಯನ್ನು ನೋಡೋಣ. ಪಟಗ ಸುತ್ತಿ ಕೈ ಮುಗಿದ ಗೌಡ, ರೊಟ್ಟಿ ಬಡಿಯುವ ಅವ್ವ, ಕುರಿಮರಿ ಹೊತ್ತ ಕುರುಬ. ಚಹಾಕ್ಕೆಂದು ಇಳಿದವರು ಇವರ ಪಕ್ಕ ನಿಂತು ಫೋಟೊ ತೆಗೆಸಿಕೊಂಡು ಹೊರಟುಬಿಡುತ್ತಾರೆ. ಗುಡಿಗೆ ಹೋಗದವರ ಕಣ್ಣಿಗೂ ಬೀಳುವ ಶಿಲ್ಪ ಇದು. ಇದನ್ನು ಅಲಂಕಾರದ ಸಾಮಾನೆಂದು ತಳ್ಳಿಹಾಕುವುದು ನನಗೆ ಸರಿಕಾಣುವುದಿಲ್ಲ.

ಈ ಬಗೆಯ ಕೆಲಸಕ್ಕೆ ನಮ್ಮ ಸೀಮೆಯಲ್ಲಿ ಅಳತೆಗೋಲು ಹಾಕಿಕೊಟ್ಟವರು ಟಿ.ಬಿ. ಸೊಲಬಕ್ಕನವರ. ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ, ಹೆದ್ದಾರಿಗೆ ಹತ್ತಿಕೊಂಡೇ ಇರುವ ಉತ್ಸವ ರಾಕ್ ಗಾರ್ಡನ್ ಅವರ ಕಟ್ಟೋಣ. ಬಾಗಿಲಲ್ಲೇ ರಾಜ್‌ಕುಮಾರ್ ಅವರ ಸಿನಿಮಾ ಪಾತ್ರಗಳು, ಒಳಗೆ ಉತ್ತರ ಕರ್ನಾಟಕದ ಇಡೀ ಹಳ್ಳಿ. 2020ರಲ್ಲಿ ತೀರಿಕೊಂಡ ಸೊಲಬಕ್ಕನವರ ಅವರು ಚಿತ್ರಕಾರರು, ಜೊತೆಗೆ ದೊಡ್ಡಾಟದ ಮನುಷ್ಯ. ಆ ಮೂರ್ತಿಗಳಲ್ಲಿ ರಂಗದ ಮೇಲೆ ಮೈ ಹೇಗೆ ನಿಲ್ಲುತ್ತದೆಂಬ ತಿಳಿವಳಿಕೆ ಇದೆ. ಬಗ್ಗಿದವನ ಭಾರ ಯಾವ ಕಾಲಿನ ಮೇಲಿದೆ ಎಂದು ನೋಡುವವನಿಗೆ ಕೂಡಲೇ ಗೊತ್ತಾಗುತ್ತದೆ.

ಹೋಟೆಲಿನ ಮುಂದಿನ ಕುರುಬನನ್ನೂ ಹೀಗೇ ನೋಡಬೇಕು. ಮುಖ ಬಿಡಿ, ಕಂಬಳಿ ನೋಡಿ. ತುಂಗಭದ್ರೆಯ ದಂಡೆಯ ನಮ್ಮ ಐರಣಿ ಒಂದು ಕಾಲಕ್ಕೆ ಕಂಬಳಿಗೆ ಹೆಸರಾದ ಊರು. ಹುಣಸೆ ಬೀಜದ ಗಂಜಿ ಕುಡಿದ ಕರಿಕಂಬಳಿ ಧೋತ್ರದಂತೆ ಸಣ್ಣ ನಿರಿಗೆಯಾಗಿ ಬೀಳುವುದಿಲ್ಲ. ಹೆಗಲ ಮೇಲೆ ಬಿರುಸಾಗಿ ಕೂತು, ಮೊಣಕೈ ಹತ್ತಿರ ಒಂದೆರಡು ದಪ್ಪ ಮಡಿಕೆಯಾಗಿ ಮುರಿಯುತ್ತದೆ. ಇದನ್ನು ಬಲ್ಲ ಕೈ ಗಾರೆಯಲ್ಲೂ ಅದೇ ಎರಡು ಮಡಿಕೆ ಮೂಡಿಸುತ್ತದೆ. ಅರಿಯದ ಕೈ ಸೀರೆಯ ಸೆರಗಿನಂತೆ ಗೆರೆ ಎಳೆಯುತ್ತದೆ. ಆಮೇಲೆ ಕೋಲು ಹಿಡಿದ ಬೆರಳುಗಳು: ಕೋಲಿಗೆ ಅಂಟಿಸಿದಂತಿವೆಯೋ, ಕೋಲನ್ನು ಒತ್ತಿ ಹಿಡಿದಿವೆಯೋ?

ಮಾಡುವ ಬಗೆ ಕಷ್ಟದ್ದು. ಕಬ್ಬಿಣದ ಸರಳಿನಿಂದ ಎಲುಬುಗೂಡು ಕಟ್ಟಿ, ಜಾಲರಿ ಸುತ್ತಿ, ಮೇಲೆ ಉಸುಕು–ಸಿಮೆಂಟಿನ ಗಾರೆ ಮೆತ್ತುತ್ತಾರೆ. ಗಾರೆ ಬಿಗಿಯುವ ಮೊದಲೇ ಕಣ್ಣು, ಸುಕ್ಕು, ನರ ಎಲ್ಲ ತಿದ್ದಿ ಮುಗಿಯಬೇಕು. ಬಿಗಿದ ಮೇಲೆ ದಿನಗಟ್ಟಲೆ ನೀರುಣಿಸಬೇಕು. ಈಗೀಗ ಅಚ್ಚಿನಿಂದ ತೆಗೆದ ಫೈಬರ್ ಮೂರ್ತಿಗಳು ಹೆಚ್ಚಾಗಿವೆ. ಬೆರಳಿನಿಂದ ತಟ್ಟಿದರೆ ಪೊಳ್ಳು ಸದ್ದು. ಒಂದೇ ಗೌಡ ಹತ್ತು ಹೋಟೆಲುಗಳ ಮುಂದೆ ಕೈ ಮುಗಿಯುತ್ತಾನೆ. ನನಗೆ ಕೈಯಿಂದ ಮೆತ್ತಿದ್ದೇ ಇಷ್ಟ, ಒರಟಾಗಿದ್ದರೂ.

ಮೂರ್ತಿ ಕೆಡುವುದು ಎರಡು ಕಾರಣಕ್ಕೆ. ಕೂದಲೆಳೆಯಂಥ ಬಿರುಕಿನಿಂದ ನೀರು ಇಳಿದು ಸರಳು ತುಕ್ಕು ಹಿಡಿದರೆ, ಆ ತುಕ್ಕು ಉಬ್ಬಿ ಗಾರೆಯನ್ನು ಚಕ್ಕೆ ಚಕ್ಕೆಯಾಗಿ ಹೊರಗೆ ತಳ್ಳುತ್ತದೆ. ಎರಡನೆಯದು ಬಣ್ಣ. ವರ್ಷವರ್ಷ ಹಬ್ಬಕ್ಕೆಂದು ದಪ್ಪಗೆ ಎನಾಮೆಲ್ ಬಳಿದರೆ ರೆಪ್ಪೆ, ಉಗುರು, ಮುಖದ ಸುಕ್ಕು ಎಲ್ಲ ತುಂಬಿಹೋಗುತ್ತವೆ. ರಾಣೆಬೆನ್ನೂರಿನ ಹತ್ತಿರದ ಹೋಟೆಲೊಂದರ ಮುಂದೆ ಒಬ್ಬ ಅಜ್ಜನ ಮುಖ ಹೀಗೆಯೇ ನುಣ್ಣಗಾಗಿ ಹೋಗಿದೆ. ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ. ಮಳೆಗಾಲಕ್ಕೆ ಮೊದಲು ಬಿರುಕು ಮುಚ್ಚಿಸಿ, ಹಳೆಯ ಬಣ್ಣ ಕೆರೆದು, ತೆಳುವಾಗಿ ಒಂದು ಕೈ ಬಳಿದರೆ ಸಾಕು.

ಇನ್ನೊಂದು ಕೊರತೆ ನನ್ನನ್ನು ಬಹಳ ಕಾಡುತ್ತದೆ. ಪಕ್ಕದ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಬೇಲೂರಿನ ಮದನಿಕೆಯರ ಅಡಿಯಲ್ಲಿ ಹೆಸರು ಕೊರೆದು ಹೋದರು. ಒಂಬತ್ತು ನೂರು ವರ್ಷಗಳಾದರೂ ಆ ಕೈ ಯಾರದೆಂದು ನಮಗೆ ಗೊತ್ತು. ಈ ಹೋಟೆಲುಗಳ ಮುಂದಿನ ಎಷ್ಟೋ ಮೂರ್ತಿಗಳಲ್ಲಿ ಮಾಡಿದವನ ಗುರುತೇ ಇಲ್ಲ. ಹೋಟೆಲಿನ ಯಜಮಾನರೇ ಕೇಳಿ ಬರೆಸಬಹುದು. ಹೆಸರು, ಊರು, ಇಸವಿ: ಪೀಠದಲ್ಲಿ ಅಷ್ಟಕ್ಕೆ ಜಾಗ ಇದ್ದೇ ಇರುತ್ತದೆ.